ಕೊನೆಯ ಬಟ್ಟಲು

ಯೋಸ್ಟೆಯ್ನ್‌ನ ಬಲಗೆನ್ನೆ ಉಬ್ಬಿದ್ದನ್ನು ಮೊದಲು ಕಂಡವಳು ಬೋರ್ಗಿಲ್ಡ್.

"ಏನಪ್ಪಾ ಅದು, ಬಾಯಲ್ಲಿ?"

"ಹಲ್ಲುನೋವು ಅತ್ತೆ. ಊದಿಕೊಂಡಿದೆ."

ಶುದ್ಧ ಸುಳ್ಳು. ಅದು ಸಕ್ಕರೆ ತುಂಡು. ಲೋಫೋಟೆನ್‌ನ ಮೀನುದೋಣಿಗಳಲ್ಲಿ ಬೆಳೆದವನಿಗೆ ಕಾಫಿಯೆಂದರೆ ಕುದಿದು ಕುದಿದು ಕಪ್ಪಾದ ಕಷಾಯ. ಹಲ್ಲಿನ ನಡುವೆ ಸಕ್ಕರೆ ಕಚ್ಚಿಕೊಂಡು ಹೀರಬೇಕು. ಆದರೆ ಇದು ಓಸ್ಲೋದಲ್ಲಿ ಗೌಟೆ ಕಾಫಿ ಹುರಿಯುವ ಅಂಗಡಿ. ಇಲ್ಲಿ ಸಕ್ಕರೆ ಕೇಳಿದವರಿಗೆ ಬಾಗಿಲು ತೋರಿಸುತ್ತಾರೆ.

ಬೇಸಿಗೆಗೆ ಗೌಟೆಯ ಮಗಳು ಸುನ್ನಿವಾಳಿಗೂ ಯೋಸ್ಟೆಯ್ನ್‌ಗೂ ಮದುವೆ. ಮದುವೆಯೂಟದಲ್ಲಿ ಹೆಣ್ಣಿನ ಅಪ್ಪ ಎದ್ದು ನಿಂತು ಭಾಷಣ ಮಾಡಲೇಬೇಕು, ಮಾಡದಿದ್ದರೆ ಜನ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಹೋದ ತಿಂಗಳು ಭಾವಿ ಅಳಿಯ ಮಾವನ ಕಾಫಿ ಕುಡಿದು, "ನಿಂಬೆಹಣ್ಣಿನ ಟೀ ಚೆನ್ನಾಗಿದೆ" ಎಂದಿದ್ದ. ಅಂದಿನಿಂದ ಗೌಟೆ ಭಾಷಣ ಮಾಡುವುದಿಲ್ಲವೆಂದು ಪಟ್ಟು ಹಿಡಿದು ಕೂತಿದ್ದ. ಸುನ್ನಿವಾ ಅತ್ತು ಕರೆದ ಮೇಲೆ ಒಂದೇ ಒಂದು ಅವಕಾಶ ಸಿಕ್ಕಿತು. ಹುಡುಗ ರುಚಿ ನೋಡುವ ಮೇಜಿಗೆ ಬರಲಿ, ಒಳ್ಳೆಯ ಕಾಫಿ ಯಾವುದೆಂದು ತಾನೇ ಹೇಳಲಿ.

ಮೇಜಿನ ಮೇಲೆ ಒಂದೇ ಥರದ ಗಾಜಿನ ಬಟ್ಟಲುಗಳು. ಯಾವ ತೋಟದ ಕಾಫಿಯೆಂಬ ಚೀಟಿಯನ್ನು ಸುನ್ನಿವಾ ತಳಕ್ಕೆ ಅಂಟಿಸಿದ್ದಳು, ಮುಗಿಯುವವರೆಗೆ ಯಾರೂ ನೋಡುವಂತಿಲ್ಲ.

"ಬೀಜ ಕಪ್ಪಗಾದ್ರೆ ಬರೀ ಬೆಂಕಿ ರುಚಿ ಕಣಯ್ಯಾ," ಎಂದ ಗೌಟೆ. "ಎಳೇದಾಗಿ ಹುರಿದ್ರೆ ಹಣ್ಣಿನ ರುಚಿ ಉಳಿಯುತ್ತೆ. ಬಿಸಿ ಇದ್ದಾಗ ಅದು ಬಾಯೇ ಬಿಡಲ್ಲ, ಆರ್ತಾ ಆರ್ತಾ ಮಾತಾಡುತ್ತೆ. ಸೊರ್ ಅಂತ ಜೋರಾಗಿ ಎಳಿ, ನಾಚ್ಕೋಬೇಡ. ಗುಟುಕು ಗುಟುಕಿಗೂ ಚಮಚಾನ ನಿನ್ನ ಕೈಲಿರೋ ಬಿಸಿನೀರಿನ ಬಟ್ಟಲಲ್ಲಿ ಅದ್ದಿ ತೊಳಿ. ಒಂದರ ರುಚಿ ಇನ್ನೊಂದಕ್ಕೆ ಹತ್ತಬಾರದು."

"ನೀವೂ ಆರ್ತಾ ಆರ್ತಾ ಮಾತಾಡ್ತೀರಾ ಮಾವ?"

"ಅದು ನಿನ್ನ ನಾಲಿಗೆ ಮೇಲೆ ನಿಂತಿದೆ."

ಗೌಟೆ ಕನ್ನಡಕ ತೆಗೆದು ಜೇಬಿಗಿಟ್ಟ. ಹಬೆಗೆ ಗಾಜು ಮಬ್ಬಾಗುತ್ತದೆ. ಅಲ್ಲದೆ ಕಣ್ಣು ಮೋಸ ಮಾಡುತ್ತದೆ, ನಾಲಿಗೆ ಮಾಡುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ. ಅವನ ಅಕ್ಕ ಬೋರ್ಗಿಲ್ಡ್‌ಳಿಗೆ ಸ್ವಂತದ ನಂಬಿಕೆಗಳೇನೂ ಇರಲಿಲ್ಲ, ತಮ್ಮ ಹೂಂ ಅಂದದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು.

ರುಚಿ ನೋಡುವುದು ಶುರುವಾಯಿತು. ಸೊರ್ರ್. ಸೊರ್ರ್. ಸುನ್ನಿವಾ ಎಲ್ಲರಿಗಿಂತ ಮೊದಲು ಮುಗಿಸಿ, ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ತುದಿಗಿಟ್ಟು, ಗೋಡೆಗೊರಗಿ ಉಗುರು ಕಚ್ಚುತ್ತ ನಿಂತಳು. ಯೋಸ್ಟೆಯ್ನ್ ಗಾಬರಿಯಲ್ಲಿ ಚಮಚವನ್ನು ಅಂಗಿಯ ತೋಳಿಗೆ ಒರೆಸಿಕೊಳ್ಳುತ್ತ, ಒಂದೊಂದು ಬಟ್ಟಲಿಗೂ ಮುಖ ಹುಳ್ಳಗೆ ಮಾಡುತ್ತ ಸಾಗಿದ. ಮದುವೆ ಕೈತಪ್ಪದಿದ್ದರೂ ಭಾಷಣ ಕೈತಪ್ಪಿತೆಂದೇ ಅವಳಿಗನ್ನಿಸಿತು.

ಕೊನೆಯ ಬಟ್ಟಲು. ಅವನು ಬಗ್ಗಿ ಬಾಯಿ ತೆರೆದ.

ಬುಳುಕ್.

ಸಕ್ಕರೆ ಬಟ್ಟಲೊಳಗೆ ಬಿತ್ತು. ಸುನ್ನಿವಾ ಕಂಡಳು. ಅವಳು ಕಂಡದ್ದನ್ನು ಅವನೂ ಕಂಡ. ಮೆಲ್ಲಗೆ ಚಮಚ ಹಾಕಿ ತಿರುಗಿಸಿದ, ಜೋರಾಗಿ ಎಳೆದ. ಬೆಳಗಿನಿಂದ ಮೊದಲ ಸಲ ಅವನ ಮುಖ ಅರಳಿತು.

"ಮಾವ, ಇದು. ದೇವರಾಣೆಗೂ ಇದೊಂದೇ ನಂಗೆ ಹಿಡಿಸಿದ್ದು."

ಗೌಟೆ ಬಂದ. ಸೊರ್ರ್. ಕಣ್ಣು ಮುಚ್ಚಿದ. ಇನ್ನೊಂದು ಸೊರ್ರ್. ಗಡ್ಡ ನೀವಿಕೊಂಡ.

"ಜೇನು," ಎಂದ. "ನಾಲಿಗೆ ಮೇಲೆ ಇದೆಯೋ ಇಲ್ಲವೋ ಅನ್ನೋ ಹಾಗಿದೆ ಅಕ್ಕಾ. ಇಲ್ಲಿರೋ ಅಷ್ಟೂ ತೋಟದ ರುಚಿ ಇದೊಂದರಲ್ಲೇ ಇಷ್ಟಿಷ್ಟಿದೆ. ಇಷ್ಟು ವರ್ಷ ಹುರಿದೆ, ಇಂಥದ್ದು ಸಿಕ್ಕಿರ್ಲಿಲ್ಲ."

"ಎಲ್ಲಾ ಇದೆ," ಎಂದಳು ಬೋರ್ಗಿಲ್ಡ್, ಇನ್ನೂ ಚಮಚ ಅದ್ದದೆ.

ಗೌಟೆ ಅಳಿಯನನ್ನು ಅಪ್ಪಿಕೊಂಡ. "ಭಾಷಣ ಮಾಡ್ತೀನಿ. ಉದ್ದಕ್ಕೇ ಮಾಡ್ತೀನಿ. ಮದುವೆಗೆ ಬಂದೋರಿಗೆಲ್ಲ ಇದೇ ಕಾಫಿ. ಯಾವ ತೋಟದ್ದು, ನೋಡಮ್ಮಾ."

ಸುನ್ನಿವಾ ಬಟ್ಟಲೆತ್ತಿ ತಳ ನೋಡಿದಳು. ಅಪ್ಪನ ಮುಖ ನೋಡಿದಳು.

"ಮದುವೆ ದಿನ ಹೇಳ್ತೀನಿ ಅಪ್ಪಾ. ನಿನ್ನ ಭಾಷಣ ಮುಗಿದ ಮೇಲೆ."

ತಳದಲ್ಲಿ ಚೀಟಿ ಇರಲಿಲ್ಲ; ತಾನು ಚಮಚ ತೊಳೆದ ನೀರಿಗೆ ಅವಳು ಎಂದೂ ಚೀಟಿ ಅಂಟಿಸಿದವಳಲ್ಲ.