ಗೋಡೆ ಮೇಲಿನ ಕೈ

ಮನೆಯ ಒಡೆಯರು ಸಾಯುವ ಗಳಿಗೆಯಲ್ಲಿ ಯಾರ ಅಂಗೈ ಗೋಡೆ ಮೇಲಿರುತ್ತದೋ ಅವರಿಗೇ ಮನೆ, ತೆರಿಗೆಯೂ ಇಲ್ಲ. ಯಾರ ಕೈಯೂ ಇಲ್ಲದಿದ್ದರೆ ಮನೆ ಸರ್ಕಾರಕ್ಕೆ. ಹಾಗಾಗಿ ದಾವಣಗೆರೆಯ ನೀಲಾಂಬಿಕೆ ನಾಲ್ಕು ಜನರೆದುರು ಕೆಮ್ಮುತ್ತಲೇ ಇರಲಿಲ್ಲ.

ನಿನ್ನೆ ತರಕಾರಿ ಅಂಗಡಿಯಲ್ಲಿ ತಡೆಯಲಾಗದೆ ಕೆಮ್ಮಿಬಿಟ್ಟಿದ್ದರು. ಇವತ್ತು ಬೆಳಿಗ್ಗೆಯೇ ಮೈದುನ ಕೊಟ್ರಪ್ಪ ಹಾಜರು. ಎಡಗೈಯನ್ನು ಗೋಡೆಗೆ ಆನಿಸಿ ಕೂತು, ಬಲಗೈಯಲ್ಲಿ ಖಾರ ಮಂಡಕ್ಕಿ ತಿನ್ನುತ್ತಿದ್ದ.

"ಆರಾಮಿದೀರಲ್ಲ ಅತ್ತಿಗೆ?"

"ಗುಂಡ್‌ಕಲ್ಲಿದ್ದಂಗಿದೀನಿ. ನೀನೇನೂ ಚಿಂತೆ ಮಾಡ್ಬೇಡ."

ಹಾಗೆಂದು ನೀಲಾಂಬಿಕೆ ಮಗಳು ಮುಕ್ತಾಳತ್ತ ನೋಡಿದರು. ಅವಳ ಕೈ ಆಗಲೇ ಗೋಡೆ ಮೇಲಿತ್ತು. ಅವಳಿಗೆ ಮಾತು ಬಂದಾಗಿನಿಂದ ಅವರೇ ಕಲಿಸಿದ ಪಾಠ ಅದು: ಚಿಕ್ಕಪ್ಪ ಮನೇಲಿದ್ರೆ, ಏನೇ ಆಗ್ಲಿ, ಕೈ ತೆಗೀಬಾರ್ದು.

ಗಟ್ಟಿಯಾಗಿದ್ದೇನೆಂದು ತೋರಿಸಲು ಅವರೂ ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು. ಅದು ನೆತ್ತಿಗೇರಿತು. ಉಸಿರು ಕಟ್ಟಿ ನೆಲಕ್ಕೆ ಕುಸಿದರು. ನೀರಿನ ಚೊಂಬು ನಡುಮನೆಯ ಮಧ್ಯದ ಮೇಜಿನ ಮೇಲಿತ್ತು; ತರಬೇಕಾದರೆ ಗೋಡೆ ಬಿಡಬೇಕು.

"ಮುಕ್ತಾ... ನೀರು..."

ಕೊಟ್ರಪ್ಪ ತಿನ್ನುವುದನ್ನು ನಿಲ್ಲಿಸಿದ. ಕೈ ಮಾತ್ರ ಅಲುಗಲಿಲ್ಲ.

"ಚಿಕ್ಕಪ್ಪ ಕೈ ತೆಗೀತಿಲ್ಲಮ್ಮ, ನಾನು ಹೆಂಗ್ ಬರ್ಲಿ?" ಎಂದು ಬಿಕ್ಕುತ್ತಾ ಮುಕ್ತಾ ತನ್ನ ಇನ್ನೊಂದು ಕೈಯನ್ನೂ ಗೋಡೆಗೆ ಒತ್ತಿದಳು.