ಅಕ್ಕನಿಗೆ ತಪ್ಪಿದ ದಾಕು

ಅಕ್ಕನನ್ನು ಕರೆದುಕೊಂಡು ಬಾ ಎಂದು ಅವ್ವ ಕಳಿಸಿದಾಗ ನಾನು ಕರೆಯಲಿಲ್ಲ. ಕೊರೊನಾ ವರ್ಷ ಹೊಳೆನರಸೀಪುರದ ಆಸ್ಪತ್ರೆಯಲ್ಲಿ, ಸೂಜಿಯ ಸಾಲಿನಲ್ಲಿ ಅಕ್ಕನ ಪಕ್ಕ ಕೂತಿದ್ದಾಗ, ಸ್ಪಿರಿಟ್ಟಿನ ವಾಸನೆಗೆ ಬಾಲ್ಯದ ಆ ಮಧ್ಯಾಹ್ನ ಮತ್ತೆ ಕಣ್ಣೆದುರು ಬಂತು.

ಸಿಡುಬಿನ ದಾಕು ಹಾಕುವವರು ನಮ್ಮ ಬಾಗಿಲಿಗೆ ಬಂದಿದ್ದರು. ಹಾಕಿಸಿಕೊಂಡ ನನ್ನ ತೋಳು ಉರಿಯುತ್ತಿತ್ತು. "ಓಗ್ಲಾ, ನಿಮ್ಮಕ್ಕ ಕಣದಲ್ಲಿ ರಾಗಿ ತೂರ್ತಾವ್ಳೆ, ಬಿರ್ನೆ ಕರ್ಕೊಂಬಾ. ಇವ್ರು ಒಂಟೋಯ್ತರೆ," ಎಂದಳು ಅವ್ವ. ದಾರಿಯ ಹುಣಸೆಮರದಡಿ ಹುಡುಗರು ಗೋಲಿ ಆಡುತ್ತಿದ್ದರು. ಅಲ್ಲೇ ನಿಂತೆ. ಆಟ ಮುಗಿಸಿ ಬಂದು, "ಅಕ್ಕ ಬರಾಕಿಲ್ಲ ಅಂದ್ಲು" ಎಂದುಬಿಟ್ಟೆ. ಅವರು ಪೆಟ್ಟಿಗೆ ಮುಚ್ಚಿಕೊಂಡು ಮುಂದಿನ ಊರಿಗೆ ನಡೆದರು.

ಸಂಜೆ ಅಕ್ಕ ತಲೆತುಂಬ ರಾಗಿಹೊಟ್ಟು ಮಾಡಿಕೊಂಡು ಬಂದಳು. "ಕರೆ ಕಳಿಸಿದ್ರೂ ಬರ್ನಿಲ್ವಲ್ಲೇ, ನಿಂಗೇನು ಬಂದಿತ್ತು?" ಎಂದು ಅವ್ವ ಬೈದಳು.

ಅಕ್ಕ ಒಂದು ಗಳಿಗೆ ನನ್ನ ಮುಖ ನೋಡಿದಳು. "ಗಾಳಿ ಬಂದಿತ್ತು ಕಣವ್ವ. ತೂರೋದ ಬಿಟ್ಟು ಎಂಗ್ ಬರ್ಲಿ?" ಎಂದಳು.

ಯುಗಾದಿಯ ಹೊತ್ತಿಗೆ ಅವಳಿಗೆ ಸಿಡುಬು ಎದ್ದಿತ್ತು. ಮಾತಾಡಿ ಹೋಗಿದ್ದ ಗಂಡಿನ ಕಡೆಯವರು ಮತ್ತೆ ಬರಲಿಲ್ಲ. ಮೈಸೂರು ರಾಜ್ಯ ಕರ್ನಾಟಕವಾಯಿತು, ಗೊರೂರಿನಲ್ಲಿ ಅಣೆಕಟ್ಟು ಎದ್ದಿತು, ಸಿಡುಬು ದೇಶ ಬಿಟ್ಟೇ ಹೋಯಿತು. ಅಕ್ಕ ನನ್ನ ಮನೆಯಲ್ಲೇ, ನನ್ನ ಮಕ್ಕಳನ್ನು ಎತ್ತಿ ಆಡಿಸುತ್ತ ಮುದುಕಿಯಾದಳು. ಫೋಟೋ ತೆಗೆಯುವವನು ಬಂದರೆ ಮಾತ್ರ ಒಳಗೆ ಹೋಗುತ್ತಿದ್ದಳು.

ನರ್ಸ್ ಕರೆದರು. ಅಕ್ಕ ಸೆರಗು ಸರಿಸಿ ತೋಳು ಕೊಟ್ಟಳು. "ಈ ಸಲನಾದ್ರೂ ಕರ್ಕೊಂಬಂದ್ಯಲ್ಲಾ," ಎಂದು ನಕ್ಕಳು.

"ಅವತ್ತು ನಾನು ಕಣದ ತಂಕ ಬರ್ಲೇ ಇಲ್ಲ ಕಣಕ್ಕ," ಎಂದೆ. "ತಪ್ಪಾಯ್ತು."