ಒಂಬತ್ತನೇ ಮಟ್ಟದ ಡ್ರಿಲ್ಲು

ಗಣಿಯ ಲಿಫ್ಟು ಕಂಪನಿಯ ಹಣಕಾಸಿನ ಆರೋಗ್ಯದ ಅಂಕ ನೋಡಿಕೊಂಡೇ ಇಳಿಯುತ್ತಿತ್ತು. ಅಂಕ ಮೂರು ದಾಟಿದ್ದರೆ ಒಂಬತ್ತನೇ ಮಟ್ಟದವರೆಗೂ ಹೋಗುತ್ತಿತ್ತು, 1.8ಕ್ಕಿಂತ ಇಳಿದರೆ ಆರನೆಯದರಲ್ಲೇ ನಿಂತುಬಿಡುತ್ತಿತ್ತು. ಲೆಕ್ಕ ಪರಿಶೋಧಕಿ ಸಬೀನಾ ಲಾಭ, ಸಾಲ, ಆಸ್ತಿ, ಮಾರಾಟ ಎಲ್ಲವನ್ನೂ ಸೇರಿಸಿ ನೋಡಿದಳು. 1.6 ಬಂತು. ಇನ್ನು ಗುಂಡಿ ಒತ್ತಿ ಅಂಕವನ್ನು ಲಿಫ್ಟಿಗೆ ಕಳಿಸುವುದಷ್ಟೇ ಬಾಕಿ.

ಲಿಫ್ಟ್ ನಡೆಸುವ ಆದೆಪ್ಪ ಚೆಂಡುಹೂವಿನ ಹಾರ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಒಂಬತ್ತನೇದ್ರಾಗ ನಮ್ಮಣ್ಣ ಸತ್ತ ಜಾಗದಾಗ ಅವನ ಡ್ರಿಲ್ಲು ಹಂಗ ಐತ್ರಿ ಮೇಡಂ. ವರ್ಷಾ ಆಯುಧ ಪೂಜಿಗೆ ಹಾರ ಹಾಕ್ತೀನಿ. ನಾಳೆ ಪೂಜಿ ಮುಗಿದ ಮ್ಯಾಲ ಒತ್ತಿದ್ರ ನಡೆಯಂಗಿಲ್ಲೇನ್ರಿ?"

ನಡೆಯುವಂತಿರಲಿಲ್ಲ, ಗಡುವು ಇವತ್ತೇ ಮುಗಿಯುತ್ತಿತ್ತು. ಸಬೀನಾ ಆಸ್ತಿ ಪಟ್ಟಿಯನ್ನು ಮತ್ತೆ ತೆರೆದು ಕೊನೆಯ ಸಾಲಿಗೆ ಬಂದಳು. ಹಳೇ ಡ್ರಿಲ್ಲು, ಒಂಬತ್ತನೇ ಮಟ್ಟ, ಬೆಲೆ ಒಂದು ರೂಪಾಯಿ.

"ಪಟ್ಟಿಯಲ್ಲಿರೋದನ್ನೆಲ್ಲ ನಾನು ಕಣ್ಣಾರೆ ನೋಡಬೇಕು ಆದೆಪ್ಪನವರೇ. ಇದೊಂದನ್ನ ನೋಡಿಲ್ಲ. ತೋರಿಸ್ತೀರಾ?"

ಇಬ್ಬರೂ ಇಳಿದು, ಅರ್ಧ ಗಂಟೆಯ ನಂತರ ಮೇಲೆ ಬಂದರು. ಆದೆಪ್ಪನ ಕೈಯಲ್ಲಿ ಈಗ ಹಾರವಿರಲಿಲ್ಲ. ಸಬೀನಾಳ ಬೆರಳು ಗುಂಡಿಯ ಮೇಲೇ ತಡೆದು ನಿಂತಿತು.

"ಒತ್ರಿ ಮೇಡಂ," ಎಂದ ಆದೆಪ್ಪ. "ಮುಂದಿನ ವರ್ಷ ಆರನೇದ್ರಾಗ ನಿಂತು ಕೂಗ್ತೀನಿ, ಕೇಳಿಸ್ಕೋ ಅಂತ ಅವಗ ಹೇಳಿ ಬಂದೀನಿ."